ಫಾಕ್ಸ್‌ಪ್ರೊ: ಮೂಲ ಎಲ್ಲಿ, ಕೊನೆ ಎಲ್ಲಿ?

ಪ್ರಶ್ನೆ: ನಮ್ಮ ದಲ್ಲಾಳಿ ಮಂಡಿಯ ಮೆಕ್ಕೆಜೋಳದ ಹಳೆಯ ಲೆಕ್ಕವೆಲ್ಲ ಫಾಕ್ಸ್‌ಪ್ರೊದಲ್ಲಿದೆ. ಇದನ್ನು ರೂಪಿಸಿದವರು ಯಾರು, ಇದು ನಿಂತದ್ದೇಕೆ, ಆ ಕಡತಗಳನ್ನು ಈಗ ತೆರೆಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಲೆಕ್ಕ-ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಡೇಟಾಬೇಸ್ ತಂತ್ರಾಂಶವಾದ ಫಾಕ್ಸ್‌ಪ್ರೊದ ಬೇರು, ಅಂಥದೇ ಹಳೆಯ ತಂತ್ರಾಂಶವಾದ ಡಿಬೇಸ್‌ನಲ್ಲಿದೆ. ಅಮೆರಿಕದ ಬಾಹ್ಯಾಕಾಶ ಸಂಶೋಧನಾ ಕೇಂದ್ರವಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದ ವೇಯ್ನ್ ರಾಟ್ಲಿಫ್, ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿದ್ದ ಜೆಪಿಎಲ್‌ಡಿಐಎಸ್ ಎಂಬ ವ್ಯವಸ್ಥೆಯ ಮಾದರಿಯಲ್ಲಿ ವಲ್ಕನ್ ಎಂಬ ತಂತ್ರಾಂಶವನ್ನು ಬರೆದರು. ಅದನ್ನೇ ಆಷ್ಟನ್-ಟೇಟ್ ಕಂಪನಿಯು 1980ರ ಸುಮಾರಿಗೆ ಡಿಬೇಸ್ 2 ಎಂದು ಮಾರಾಟಕ್ಕಿಟ್ಟಿತು. ಡಿಬೇಸ್ 1 ಎಂಬುದು ಇರಲೇ ಇಲ್ಲ. ಎರಡೆಂದರೆ ಪಳಗಿದ ಸರಕೆಂದು ಗಿರಾಕಿ ನಂಬುತ್ತಾನೆಂಬ ವ್ಯಾಪಾರಿ ಜಾಣತನವಷ್ಟೆ.

ಅದೇ ಆದೇಶಗಳನ್ನು ಇನ್ನೂ ವೇಗವಾಗಿ ನಡೆಸುವ ಫಾಕ್ಸ್‌ಬೇಸನ್ನು ಡೇವ್ ಫುಲ್ಟನ್ ಅವರ ಒಹಾಯೊದ ಫಾಕ್ಸ್ ಸಾಫ್ಟ್‌ವೇರ್ ಕಂಪನಿ ತಂದಿತು. ಮುಂದೆ ಇದೇ ಫಾಕ್ಸ್‌ಪ್ರೊ ಆಯಿತು. ಫಾಕ್ಸ್ ಮೇಲೆ ಆಷ್ಟನ್-ಟೇಟ್ ಹೂಡಿದ ಹಕ್ಕುಸ್ವಾಮ್ಯದ ದಾವೆ ನಡೆಯುತ್ತಿರುವಾಗಲೇ, 1991ರಲ್ಲಿ, ಆಷ್ಟನ್-ಟೇಟ್ ಕಂಪನಿಯೇ ಬೋರ್ಲೆಂಡ್ ಎಂಬ ಇನ್ನೊಂದು ತಂತ್ರಾಂಶ ಕಂಪನಿಯ ಪಾಲಾಯಿತು. 1992ರಲ್ಲಿ ಫಾಕ್ಸ್ ಮೈಕ್ರೋಸಾಫ್ಟ್ ಕೈಸೇರಿತು. 2007ರಲ್ಲಿ ಹೊಸ ಆವೃತ್ತಿಯಿಲ್ಲವೆಂದು ಘೋಷಣೆಯಾಗಿ, ಬೆಂಬಲವೂ 2015ರ ಜನವರಿಗೆ ಮುಗಿಯಿತು. ತನ್ನದೇ ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯುಎಲ್ ಸರ್ವರ್ ಕೈಯಲ್ಲಿರುವಾಗ ಎರಡನ್ನೂ ಸಾಕುವ ಉತ್ಸಾಹ ಮೈಕ್ರೋಸಾಫ್ಟ್‌ಗೆ ಉಳಿದಿರಲಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ನಿಮ್ಮ ಲೆಕ್ಕವಿರುವುದು ಡಿಬಿಎಫ್ (ಹೆಸರಿನ ಕೊನೆಯಲ್ಲಿ .dbf ಎಂದಿರುವ) ಕಡತಗಳಲ್ಲಿ. ಮೊದಲು ಇಡೀ ಫೋಲ್ಡರಿನ ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಉಚಿತವಾದ ಕೋಷ್ಟಕ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ನೋಡಿರಿ. ಜೊತೆಗಿರುವ ಎಫ್‌ಪಿಟಿ (.fpt) ಕಡತಗಳನ್ನು ಅಳಿಸಬೇಡಿ. ಉದ್ದನೆಯ ಟಿಪ್ಪಣಿಗಳು ಅವುಗಳಲ್ಲಿರುತ್ತವೆ. ರೈತರ ಹೆಸರುಗಳನ್ನು ಯುನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚಿಸಿದ್ದರೆ ಅರ್ಥವಾಗದ ಚಿಹ್ನೆಗಳು ಕಾಣಿಸಬಹುದು. ಅದಕ್ಕೆ ಪರಿವರ್ತಕ ಬೇಕಾಗುತ್ತದೆ, ತೂಕ ಮತ್ತು ದರದ ಅಂಕಿಗಳಿಗೆ ತೊಂದರೆಯಿಲ್ಲ.