ಪರೀಕ್ಷೆಯನ್ನೇ ಮಾಡದೆ ‘ಅಪಾಯ ಕಡಿಮೆ’ ಎಂದರೆ ನಂಬಬಹುದಾ?

ಪ್ರಶ್ನೆ: ಬಣ್ಣ ತಯಾರಿಸುವ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ ಸರ್. ಬಣ್ಣ ಬೇಗ ಗಟ್ಟಿಯಾಗಲಿ ಎಂದು ಹೊಸದೊಂದು ರಾಸಾಯನಿಕ ತರಿಸಿದ್ದಾರೆ. ಅದರ ಸುರಕ್ಷತಾ ಹಾಳೆಯಲ್ಲಿ ‘ಲಾಗ್ ಕೆಓಡಬ್ಲ್ಯೂ 3.8, ಕ್ಯೂಸಾರ್ ಅಂದಾಜು. ಜೀವಿಗಳ ದೇಹದಲ್ಲಿ ಶೇಖರವಾಗುವ ಸಾಧ್ಯತೆ ಕಡಿಮೆ’ ಎಂದಿದೆ. ವಿಚಾರಿಸಿದರೆ ಪರೀಕ್ಷೆಯೇ ಮಾಡಿಲ್ಲವಂತೆ, ಎಲ್ಲಾ ಕಂಪ್ಯೂಟರ್ ಲೆಕ್ಕವಂತೆ. ಇದನ್ನು ನಂಬಬಹುದಾ?

ಉತ್ತರ: ನೀವು ಆ ಹಾಳೆಯನ್ನು ಓದಿದ್ದೇ ದೊಡ್ಡ ವಿಷಯ. ಎಷ್ಟೋ ಕಡೆ ಅದು ಫೈಲಿನಲ್ಲೇ ಉಳಿದುಬಿಡುತ್ತದೆ. ಕ್ಯೂಸಾರ್ ಎಂದರೆ ಅಣುವಿನ ರಚನೆ ನೋಡಿ ಅದರ ಗುಣವನ್ನು ಅಂದಾಜು ಮಾಡುವ ಲೆಕ್ಕ. ಆದರೆ ಕಂಪ್ಯೂಟರ್ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಲೆಕ್ಕವನ್ನು ತಳ್ಳಿಹಾಕಬೇಡಿ. ಬಳಕೆಯಲ್ಲಿರುವ ರಾಸಾಯನಿಕಗಳು ಹತ್ತಾರು ಸಾವಿರ. ಎಲ್ಲವನ್ನೂ ಮೀನು, ಇಲಿಗಳ ಮೇಲೆ ಪರೀಕ್ಷಿಸುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಮೊದಲು ಜರಡಿ ಹಿಡಿಯುತ್ತಾರೆ. ಯಾವುದನ್ನು ತಕ್ಷಣ ಪರೀಕ್ಷಿಸಬೇಕು, ಯಾವುದು ಸ್ವಲ್ಪ ಕಾಯಬಹುದು ಎಂದು ತಿಳಿಯಲು ಈ ಅಂದಾಜು ಬೇಕೇ ಬೇಕು.

ನಿಮ್ಮ ಹಾಳೆಯ 3.8, ಅಂದರೆ ಲಾಗ್ ಕೆಓಡಬ್ಲ್ಯೂ, ಏನು ಹೇಳುತ್ತದೆ ನೋಡೋಣ. ಒಂದು ಸೀಸೆಗೆ ನೀರು ಮತ್ತು ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಹಾಕಿ, ಪರೀಕ್ಷಿಸುವ ವಸ್ತುವನ್ನು ಸೇರಿಸಿ ಅಲ್ಲಾಡಿಸುತ್ತೇವೆ. ಹಾಗೇ ಬಿಟ್ಟರೆ ಎರಡು ಪದರ ಬೇರೆಯಾಗುತ್ತವೆ. ಯಾವ ಪದರದಲ್ಲಿ ವಸ್ತು ಎಷ್ಟಿದೆ ಎಂದು ಅಳೆಯುತ್ತೇವೆ. ಆ ಎರಡರ ಅನುಪಾತದ ಲಾಗರಿದಮ್ಮೇ ಈ ಅಂಕಿ. ಆಕ್ಟನಾಲ್ ಇಲ್ಲಿ ದೇಹದ ಕೊಬ್ಬಿನ ಬದಲಿಗೆ ನಿಂತಿದೆ ಅಂದುಕೊಳ್ಳಿ. ಬೆಂಜೀನ್‌ಗೆ ಈ ಅಂಕಿ 2.13. ಅಂದರೆ ಅದು ನೀರಿಗಿಂತ ಆಕ್ಟನಾಲ್‌ನಲ್ಲಿ ಸುಮಾರು 135 ಪಟ್ಟು ಜಾಸ್ತಿ ಕರಗಿ ಕೂರುತ್ತದೆ. ಅಂಕಿ ಒಂದು ಏರಿದರೆ ಪ್ರಮಾಣ ಹತ್ತು ಪಟ್ಟು ಏರುತ್ತದೆ.

ಈಗ ಸೀಸೆ ಮುಟ್ಟದೆ ಲೆಕ್ಕ ಹಾಕೋಣ. 1960ರ ದಶಕದಲ್ಲಿ ರಸಾಯನ ವಿಜ್ಞಾನಿಗಳಾದ ಕಾರ್ವಿನ್ ಹ್ಯಾನ್ಷ್ ಮತ್ತು ತೋಶಿಯೊ ಫುಜಿತಾ ತೋರಿಸಿದ ದಾರಿ ಇದು: ಅಣುವಿಗೆ ಸೇರುವ ಪ್ರತಿ ಗುಂಪಿಗೂ ಒಂದು ಬೆಲೆ ಕಟ್ಟಿ ಕೂಡುವುದು. ಬೆಂಜೀನ್ ಉಂಗುರಕ್ಕೆ ಸೇರಿದ ಒಂದು ಕ್ಲೋರಿನ್‌ಗೆ 0.71. ಹಾಗಾದರೆ ಕ್ಲೋರೋಬೆಂಜೀನ್‌ಗೆ 2.84 ಆಯಿತು. ಅಳೆದರೂ 2.84. ಅದ್ಭುತ ಅನಿಸುತ್ತೆ ಅಲ್ವಾ? ಆದರೆ 0.71 ಹುಟ್ಟಿದ್ದೇ ಆ ವಸ್ತುವನ್ನು ಅಳೆದಾಗ. ಸರಿ ಬರದೆ ಇನ್ನೇನು? ಎರಡು ಕ್ಲೋರಿನ್ ಇರುವ, ನುಸಿಗುಳಿಗೆಯಲ್ಲಿ ಬಳಸುವ ಡೈಕ್ಲೋರೋಬೆಂಜೀನ್‌ಗೆ ಲೆಕ್ಕ 3.55 ಎನ್ನುತ್ತದೆ, ಅಳತೆ 3.44. ಪರವಾಗಿಲ್ಲ. ಆರು ಕ್ಲೋರಿನ್ ಇರುವ ಹೆಕ್ಸಾಕ್ಲೋರೋಬೆಂಜೀನ್‌ಗೆ ಲೆಕ್ಕ 6.39, ಅಳತೆ 5.73. ಇಲ್ಲಿ ನಾಲ್ಕೂವರೆ ಪಟ್ಟು ತಪ್ಪಿತು! ಗೊತ್ತಿರುವ ಅಣುವಿನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ಈಗಿನ ಸಾಫ್ಟ್‌ವೇರ್ ಇಂಥ ತಪ್ಪುಗಳಿಗೆ ತಿದ್ದುಪಡಿ ಸೇರಿಸಿಕೊಂಡು ಇನ್ನೂ ಚೆನ್ನಾಗಿ ಲೆಕ್ಕ ಹಾಕುತ್ತದೆ. ಆದರೂ ಅದರ ಸ್ವಭಾವ ಇದೇ.

ಅಷ್ಟು ತಪ್ಪಿದರೂ ಹೆಕ್ಸಾಕ್ಲೋರೋಬೆಂಜೀನ್ ವಿಷಯದಲ್ಲಿ ತೀರ್ಮಾನ ಬದಲಾಗುವುದಿಲ್ಲ. ಸ್ಟಾಕ್‌ಹೋಮ್ ಒಪ್ಪಂದದಲ್ಲಿ (ಪರಿಸರದಲ್ಲಿ ಬಹುಕಾಲ ಉಳಿಯುವ ವಿಷವಸ್ತುಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಶೇಖರಣೆಯ ಗೆರೆ 5. ಲೆಕ್ಕವೂ ಅಳತೆಯೂ ಅದನ್ನು ದಾಟಿವೆ. 2001ರಲ್ಲಿ ಆ ಒಪ್ಪಂದದ ಮೊದಲ ಪಟ್ಟಿಗೆ ಸೇರಿದ 12ರಲ್ಲಿ ಅದೂ ಒಂದು. ಜರಡಿ ಹಿಡಿಯುವಾಗ ಎಷ್ಟು ತಪ್ಪಿತು ಎನ್ನುವುದಕ್ಕಿಂತ ಗೆರೆ ಎಷ್ಟು ದೂರ ಇದೆ ಎಂದು ನೋಡಬೇಕು. ನಿಮ್ಮದಕ್ಕೆ ಬರೋಣ. ರಾಸಾಯನಿಕಗಳ ಅಪಾಯವನ್ನು ವಿಂಗಡಿಸುವ ವಿಶ್ವಸಂಸ್ಥೆಯ ಜಿಎಚ್ಎಸ್ ಪದ್ಧತಿಯಲ್ಲಿ ಗೆರೆ 4. ಅಂದಾಜು 3.8. ಅದು ಗೆರೆಗೆ ಅಂಟಿಕೊಂಡೇ ನಿಂತಿದೆ! 1.5 ಬಂದಿದ್ದರೆ ನಾನು ನಿಶ್ಚಿಂತೆಯಿಂದ ಮುಂದೆ ಹೋಗುತ್ತಿದ್ದೆ. 3.8ರ ಮೇಲೆ ‘ಕಡಿಮೆ’ ಎಂದು ಬರೆಯಲು ನನಗಂತೂ ಕೈ ಬರುವುದಿಲ್ಲ.

ಹಾಗಂತ ಅಳತೆಯೆಂದರೆ ದೇವರ ಮಾತೂ ಅಲ್ಲ. ಜಿಡ್ಡಿನ ಗುಣ ಜಾಸ್ತಿ ಇರುವ ವಸ್ತುವನ್ನು ಜೋರಾಗಿ ಅಲ್ಲಾಡಿಸಿದರೆ ಆಕ್ಟನಾಲ್‌ನ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ನೀರಿನ ಪದರದಲ್ಲೇ ಉಳಿಯುತ್ತವೆ. ಅಂಥ ಹನಿಗಳು ಸ್ವಲ್ಪವೇ ಇದ್ದರೂ ಸಾಕು, ಅಂಕಿ ಕೆಡುತ್ತದೆ. ಅಂಥವನ್ನು ಅಲ್ಲಾಡಿಸದೆ ತುಂಬಾ ನಿಧಾನವಾಗಿ ಕಲಕಿ, ದಿನಗಟ್ಟಲೆ ಕಾದು ಅಳೆಯುತ್ತಾರೆ.

ಇನ್ನು ಕೆಲವು ವಸ್ತುಗಳಿಗೆ ಈ ಅಳತೆಗೋಲೇ ಒಗ್ಗುವುದಿಲ್ಲ. ನಾನ್‌ಸ್ಟಿಕ್ ಪಾತ್ರೆಗಳಿಂದ ಹೆಸರಾದ ಪಿಎಫ್ಎಎಸ್ ಗುಂಪಿನ ಎಷ್ಟೋ ವಸ್ತುಗಳು ಕೊಬ್ಬಿಗಿಂತ ಹೆಚ್ಚಾಗಿ ರಕ್ತದ ಪ್ರೋಟೀನ್‌ಗೆ ಅಂಟಿಕೊಳ್ಳುತ್ತವೆ. ಆಕ್ಟನಾಲ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಲೋಹ ಸೇರಿದ ಅಣು, ಸೋಪಿನಂಥ ಅಣುಗಳ ವಿಷಯದಲ್ಲೂ ಹುಷಾರಾಗಿರಬೇಕು.

ನನ್ನನ್ನು ಜಾಸ್ತಿ ಕಾಡುವ ಉದಾಹರಣೆ ಬೇರೆಯದು. ಟೈರ್ ಬಿರುಕು ಬಿಡದಂತೆ ರಬ್ಬರಿಗೆ 6ಪಿಪಿಡಿ ಎಂಬ ವಸ್ತು ಹಾಕುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದು ರಸ್ತೆಯ ನೀರು ಹೊಳೆಗೆ ಸೇರಿದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಅದಕ್ಕೆ ಈ ಕ್ವಿನೋನ್ ಕಾರಣ ಎಂದು ಗೊತ್ತಾಗಿದ್ದು 2020ರಲ್ಲಿ. ಲೀಟರ್ ನೀರಿಗೆ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೂ ಕೋಹೋ ಸಾಯುತ್ತದೆ. ಅದರ ಹತ್ತಿರದ ಬಂಧು ಚಮ್ ಸಾಲ್ಮನ್‌ಗೆ ಅದರಿಂದ ಸಾವು ಬರುವುದಿಲ್ಲ. ಲೆಕ್ಕ ಹಾಕುವವರು ಮೂಲ ಅಣುವನ್ನಷ್ಟೇ ಕೊಟ್ಟರೆ ಕಂಪ್ಯೂಟರ್ ಅದರ ಬಗ್ಗೆ ಮಾತ್ರ ಹೇಳುತ್ತದೆ. ಬಿಸಿಲು ಮಳೆಯಲ್ಲಿ ಅದು ಏನಾಗುತ್ತದೆ ಎಂದು ನಾವೇ ಕೇಳಬೇಕು. ನಿಮ್ಮದೂ ಗೋಡೆ ಮೇಲೆ ಬಿಸಿಲು ಮಳೆಗೆ ನಿಲ್ಲುವ ಬಣ್ಣವಲ್ಲವೇ?

ಹಾಗಾಗಿ ಪೂರೈಕೆದಾರರಿಗೆ ಒಂದು ಪತ್ರ ಬರೆಯಿರಿ. ಯಾವ ಲೆಕ್ಕದ ಮಾದರಿ ಬಳಸಿದ್ದೀರಿ, ನಮ್ಮ ಅಣು ಅದರ ವ್ಯಾಪ್ತಿಯ (ಅದು ಲೆಕ್ಕ ಹಾಕಬಲ್ಲ ಬಗೆಯ ಅಣುಗಳ) ಒಳಗಿದೆಯೇ, ಇದನ್ನೇ ಹೋಲುವ ಯಾವ ವಸ್ತುಗಳನ್ನು ನಿಜವಾಗಿ ಅಳೆದಿದ್ದಾರೆ ಎಂದು ಕೇಳಿ. ಮಾದರಿಯ ವ್ಯಾಪ್ತಿ ಹೇಳಲೇಬೇಕು ಎಂಬುದು ಮುಖ್ಯವಾಗಿ ಮುಂದುವರಿದ ದೇಶಗಳ ಒಕ್ಕೂಟವಾದ ಓಇಸಿಡಿ ಇಂಥ ಮಾದರಿಗಳಿಗೆ 2004ರಲ್ಲಿ ಒಪ್ಪಿದ ಐದು ತತ್ವಗಳಲ್ಲಿ ಒಂದು, ಹಾಗಾಗಿ ಕೇಳಲು ಸಂಕೋಚ ಬೇಡ. ಬೇರೆ ಬಗೆಯ ಇನ್ನೊಂದು ಮಾದರಿಯ ಅಂಕಿಯೂ ಇದ್ದರೆ ಕಳುಹಿಸಲಿ. ಎರಡೂ ಒಂದೇ ಮಾತು ಹೇಳಿದರೆ ಸ್ವಲ್ಪ ಧೈರ್ಯ ಬರುತ್ತದೆ. ಒಂದು 3.8, ಇನ್ನೊಂದು 4.6 ಎಂದರೆ ಅಳೆಸದೆ ಬೇರೆ ದಾರಿಯಿಲ್ಲ.

ಇನ್ನೊಂದು ಮಾತು. ಈ 3.8 ದೇಹದಲ್ಲಿ ಶೇಖರವಾಗುವುದರ ಬಗ್ಗೆ ಮಾತ್ರ. ಚರ್ಮಕ್ಕೆ, ಉಸಿರಿಗೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಹಾಳೆಯಲ್ಲಿ ಆ ಜಾಗದಲ್ಲಿ ‘ಮಾಹಿತಿ ಇಲ್ಲ’ ಎಂದಿದ್ದರೆ ತೊಂದರೆ ಇಲ್ಲ ಎಂದು ಓದಿಕೊಳ್ಳಬೇಡಿ. ಉತ್ತರ ಬರುವವರೆಗೆ ಕೈಗವಸು ಹಾಕಿಕೊಂಡು, ಗಾಳಿ ಹೊರಗೆಳೆಯುವ ಕಡೆಯೇ ಕೆಲಸ ಮಾಡಿ. ಪಾತ್ರೆ ತೊಳೆದ ನೀರನ್ನು ಚರಂಡಿಗೆ ಬಿಡದೆ ಬೇರೆ ಡ್ರಮ್ಮಿನಲ್ಲಿ ತುಂಬಿಡಿ. ಅವರು ಕಳುಹಿಸಿದ್ದು ಅರ್ಥವಾಗದಿದ್ದರೆ ನನಗೆ ಬರೆಯಿರಿ, ಅಂಕಿಗಳನ್ನು ಇಬ್ಬರೂ ಸೇರಿ ನೋಡೋಣ.