ಎತ್ತರಿಸಿದ ಜೀಪಿಗೆ ಎಂತಹ ಕಂಟ್ರೋಲ್ ಆರ್ಮ್?

ಪ್ರಶ್ನೆ: ನನ್ನ ಜೀಪ್ ರ‍್ಯಾಂಗ್ಲರ್‌ಗೆ ಎರಡೂವರೆ ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದೇನೆ. ನಾಲೆ ಏರಿಯ ಮೇಲೂ ಕಬ್ಬಿನ ಟ್ರ್ಯಾಕ್ಟರುಗಳು ಹಳ್ಳ ಮಾಡಿದ ದಾರಿಯಲ್ಲೂ ಗಾಡಿ ಚೆನ್ನಾಗಿಯೇ ಓಡುತ್ತದೆ. ಆದರೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ವೇಗ 80 ದಾಟಿದರೆ ಅತ್ತಿತ್ತ ಅಲೆಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಆಕ್ಸಲನ್ನು ಚಾಸಿಸ್‌ಗೆ ಜೋಡಿಸುವ ಸರಳುಗಳಾದ ಎಂಟು ಕಂಟ್ರೋಲ್ ಆರ್ಮ್‌ಗಳನ್ನೂ ತೆಗೆದು, ಉದ್ದ ಹೊಂದಿಸಬಹುದಾದಂಥವನ್ನು ಹಾಕಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಇದು ಅಗತ್ಯವೇ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಎರಡೂವರೆ ಇಂಚಿಗೆ ಎಂಟೂ ಬೇಕಾಗುವುದು ಅಪರೂಪ. ನೀವು ಹೇಳಿರುವ ಲಕ್ಷಣಗಳು ಮುಂದಿನ ಆಕ್ಸಲ್‌ನ ಕ್ಯಾಸ್ಟರ್ ಕೋನ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷದ ಹಿಂದಕ್ಕಿನ ಓರೆ) ತಗ್ಗಿರುವುದನ್ನು ಸೂಚಿಸುತ್ತವೆ. ಗಾಡಿ ಮೇಲಕ್ಕೆದ್ದಾಗ ಆರ್ಮ್‌ಗಳು ಕೆಳಮುಖವಾಗಿ ಓರೆಯಾಗಿ ಆಕ್ಸಲನ್ನು ತುಸು ಹಿಂದಕ್ಕೆಳೆದು ತಿರುಗಿಸುತ್ತವೆ. ಚಕ್ರವನ್ನು ತಾನಾಗಿ ನೇರಕ್ಕೆ ತರುವ ಗುಣ ಅಷ್ಟರಮಟ್ಟಿಗೆ ಕುಂದುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಅಂಕಿಯನ್ನು ಮುದ್ರಿಸಿಕೊಂಡು ತನ್ನಿ. ಟ್ರ್ಯಾಕ್ ಬಾರ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಮತ್ತು ಟೈ ರಾಡ್‌ಗಳಲ್ಲಿ (ಸ್ಟೀರಿಂಗಿನ ಸರಳುಗಳು) ಆಟವಿದೆಯೇ ಎಂದೂ ನೋಡಿಸಿ, ಏಕೆಂದರೆ ಅಲ್ಲಿ ಸಡಿಲವಿದ್ದರೆ ಎಷ್ಟು ದುಬಾರಿ ಆರ್ಮ್ ಹಾಕಿದರೂ ಅಲೆದಾಟ ನಿಲ್ಲದು. ಆಕ್ಸಲ್ ಒಂದು ಪಕ್ಕಕ್ಕೆ ಸರಿದಿದ್ದರೆ ಅದನ್ನು ಸರಿಪಡಿಸುವುದೂ ಟ್ರ್ಯಾಕ್ ಬಾರೇ ಹೊರತು ಈ ಆರ್ಮ್‌ಗಳಲ್ಲ.

ಕ್ಯಾಸ್ಟರ್ ನಿಜವಾಗಿ ಕಡಿಮೆಯಿದ್ದರೆ ಮುಂದಿನ ಕೆಳಗಿನ ಜೋಡಿಯೊಂದನ್ನೇ ಕೊಳ್ಳಿ. ಅವುಗಳ ಉದ್ದ ಹೆಚ್ಚಿಸಿದರೆ ಆಕ್ಸಲ್‌ನ ಕೆಳಭಾಗ ಮುಂದಕ್ಕೆ ಸರಿದು ಕ್ಯಾಸ್ಟರ್ ಹೆಚ್ಚುತ್ತದೆ. ಇಲ್ಲೊಂದು ತೊಡಕಿದೆ: ಅದೇ ತಿರುಗುವಿಕೆಯಿಂದ ಆಕ್ಸಲ್‌ನ ಗೇರಾದ ಪಿನಿಯನ್‌ನ ಮೂತಿ ಕೆಳಕ್ಕೆ ಬಾಗಿ, ಅದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುವುದರಿಂದ, ಕ್ಯಾಸ್ಟರನ್ನು ಅತಿಯಾಗಿ ಏರಿಸಿದವರಿಗೆ ವೇಗದಲ್ಲಿ ನಡುಕ ಶುರುವಾಗುತ್ತದೆ. ಎಡ–ಬಲ ಆರ್ಮ್‌ಗಳನ್ನು ಬೋಲ್ಟ್ ರಂಧ್ರದ ಮಧ್ಯದಿಂದ ಮಧ್ಯಕ್ಕೆ ಅಳೆದು, ಸಮ ಉದ್ದಕ್ಕೆ ಹೊಂದಿಸಿದ ಮೇಲೆಯೇ ಕೂರಿಸಬೇಕು. ಉದ್ದ ಹೊಂದಿಸುವ ಥ್ರೆಡ್ ತನ್ನ ವ್ಯಾಸದ ಕನಿಷ್ಠ ಒಂದೂವರೆ ಪಟ್ಟಾದರೂ ಆರ್ಮಿನ ಒಳಗೆ ಹೊಕ್ಕಿರಲಿ.

ತುದಿಯ ಕೀಲನ್ನು ಆರಿಸುವಾಗ ಜನ ಹೆಚ್ಚು ಮೋಸಹೋಗುತ್ತಾರೆ. ಉಕ್ಕಿನ ಗುಂಡುಳ್ಳ ಹೈಮ್ ಜಾಯಿಂಟ್ ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುತ್ತದೆ, ಆದರೆ ಕೆಸರಿನಲ್ಲಿ ಬೇಗ ಸವೆದು ಕಟಕಟ ಎನ್ನತೊಡಗುತ್ತದೆ. ಗಟ್ಟಿ ಪಾಲಿಯುರೆಥೇನ್ ಬುಷ್ ಸೊಟ್ಟಕ್ಕೆ ತಿರುಚಿಕೊಳ್ಳಲು ಒಪ್ಪುವುದಿಲ್ಲ. ದಿನಬಳಕೆಯ ಗಾಡಿಗೆ ಚಾಸಿಸ್ ಕಡೆ ಗ್ರೀಸ್ ನಿಪ್ಪಲ್ ಇರುವ ಗೋಳಾಕಾರದ ಕೀಲು, ಆಕ್ಸಲ್ ಕಡೆ ರಬ್ಬರ್ ಬುಷ್ ಎಂಬ ಹೊಂದಾಣಿಕೆ ನನಗೆ ಹೆಚ್ಚು ಸರಿಯೆನಿಸುತ್ತದೆ. ರಬ್ಬರ್ ಬುಷ್‌ನ ಬೋಲ್ಟನ್ನು, ಗಾಡಿ ನಾಲ್ಕೂ ಚಕ್ರಗಳ ಮೇಲೆ ನಿಂತು ತನ್ನ ಭಾರ ಹೊತ್ತಿರುವಾಗಲೇ ಅಂತಿಮವಾಗಿ ಬಿಗಿಯಬೇಕು. ಜಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೊಂದಿಸಿದ ಉದ್ದ ಸಡಿಲಿಸದಂತೆ ಹಿಡಿಯುವ ಜಾಮ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿ.

ಪ್ರಶ್ನೆ: ನನ್ನದು 2021ರ ಮಹೀಂದ್ರ ಥಾರ್. ಇದಕ್ಕೂ ಇಂಥವೇ ಆರ್ಮ್ ಬೇಕೇ? ಕಾನೂನಿನ ತೊಂದರೆಯುಂಟೇ?
— ಓದುಗರೊಬ್ಬರು, ಮೈಸೂರು

ಉತ್ತರ: 2020ರಿಂದ ಬಂದ ಥಾರ್‌ನ ಮುಂಭಾಗದಲ್ಲಿ ಗಟ್ಟಿ ಆಕ್ಸಲ್ ಇಲ್ಲ, ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್) ಇದೆ. ಆದ್ದರಿಂದ ಅಲ್ಲಿ ಕೊಳ್ಳಬೇಕಾದುದು ಮೇಲಿನ ಆರ್ಮ್‌ಗಳ ಜೋಡಿ. ಚಕ್ರ ಪೂರ್ತಿ ಕೆಳಗಿಳಿದಾಗ ಆರ್ಮಿನ ತುದಿಯ ಗುಂಡುಕೀಲಾದ ಬಾಲ್ ಜಾಯಿಂಟ್ ತನ್ನ ಮಿತಿಗೆ ತಗಲದಂತೆ, ಆರ್ಮ್ ಸ್ಪ್ರಿಂಗಿಗೆ ಉಜ್ಜದಂತೆ ಇರುವುದನ್ನು ಗಾಡಿ ಎತ್ತಿ ಕಣ್ಣಾರೆ ನೋಡಿಯೇ ಆರಿಸಿ. ಕಾನೂನಿನ ವಿಷಯದಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ವಿವರ ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ವ್ಯಾಖ್ಯಾನಿಸಿದೆ. ಲಿಫ್ಟ್ ಹಾಕಿಸುವ ಮುನ್ನವೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.