ಕರೆಂಟ್ ಹೋಗಿ ಬಂದಾಗ ಐದು ಪ್ರೋಗ್ರಾಂ ಬೇಗ ತೆರೆಯೋದು ಹೇಗೆ?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ ಸರ್. ಲೆಕ್ಕದ ಟ್ಯಾಲಿ, ಸ್ಟಾಕಿನ ಎಕ್ಸೆಲ್ ಫೈಲು, ಕ್ರೋಮ್, ಕನ್ನಡ ಟೈಪಿಂಗಿನ ನುಡಿ, ವಾಟ್ಸಾಪ್ ಐದೂ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಶಟ್‌ಡೌನ್ ಮಾಡಲೇಬೇಕು. ಮತ್ತೆ ಆನ್ ಮಾಡಿದಾಗ ಸ್ಟಾರ್ಟ್ ಮೆನುವಿನಲ್ಲಿ ಒಂದು ಕ್ಲಿಕ್ ಮಾಡಿದ ಕೂಡಲೇ ಮೆನು ಮುಚ್ಚಿಹೋಗುತ್ತದೆ, ಪುನಃ ತೆರೆದು ಹುಡುಕಬೇಕು. ಮೊನ್ನೆ ಟ್ಯಾಲಿ ಪಾಸ್‌ವರ್ಡ್ ಹೊಡೆಯುವಾಗ ಎಕ್ಸೆಲ್ ಎದುರಿಗೆ ಬಂತು. ಅರ್ಧ ಪಾಸ್‌ವರ್ಡ್ ಪಾರ್ಚ್‌ಮೆಂಟ್ ಕಾಫಿ ಮೂಟೆಯ ಲೆಕ್ಕದ ಮೇಲೆ ಕೂತಿತು. ವಿಂಡೋಸ್ 11 ಇದೆ. ಏನು ಮಾಡಲಿ?

ಉತ್ತರ: ಮೊದಲು ಸ್ಟಾರ್ಟ್ ಮೆನು ಬಿಟ್ಟುಬಿಡಿ. ಅದು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯೋಕೆ ಸರಿ. ಐದನ್ನೂ ಟಾಸ್ಕ್‌ಬಾರ್‌ಗೆ, ಅಂದರೆ ಪರದೆಯ ಕೆಳಗಿನ ಪಟ್ಟಿಗೆ, ಪಿನ್ ಮಾಡಿ, ಎಳೆದು ನಿಮಗೆ ಬೇಕಾದ ಸಾಲಿನಲ್ಲಿ ಕೂರಿಸಿ. ಆಮೇಲೆ ವಿಂಡೋಸ್ ಕೀ ಒತ್ತಿ ಹಿಡಿದುಕೊಂಡೇ 1, 2, 3, 4, 5 ಅಂತ ಒಂದರ ಹಿಂದೊಂದು ಒತ್ತಿ. ಎಡದಿಂದ ಎಣಿಸಿದ ಹಾಗೆ ಐದೂ ತೆರೆದುಕೊಳ್ಳುತ್ತವೆ. ಮೌಸ್ ಮುಟ್ಟುವ ಕೆಲಸವೇ ಇಲ್ಲ. ಈಗಾಗಲೇ ತೆರೆದಿದ್ದರೆ ಅದೇ ಕೀ ನಿಮ್ಮನ್ನು ಆ ಕಿಟಕಿಗೆ ಕರೆದೊಯ್ಯುತ್ತದೆ.

ಸಾಲು ಯೋಚಿಸಿ ಇಡಿ. ವಾಟ್ಸಾಪ್, ಕ್ರೋಮ್ ಮೊದಲು, ಟ್ಯಾಲಿ ಕೊನೆಗೆ. ಯಾವುದರಲ್ಲಿ ಟೈಪ್ ಮಾಡಬೇಕೋ ಅದು ಕೊನೆಗೆ ಬರಲಿ. ಟೈಪ್ ಮಾಡುವಾಗ ಬೇರೆ ಪ್ರೋಗ್ರಾಂ ಮುಂದೆ ನುಗ್ಗದಂತೆ ವಿಂಡೋಸ್ ತಡೆಯಲು ನೋಡುತ್ತದೆ, ಆಗ ಟಾಸ್ಕ್‌ಬಾರ್‌ನ ಗುರುತು ಮಿನುಗುತ್ತದೆ ಅಷ್ಟೇ. ಆದರೆ ನಿಧಾನಕ್ಕೆ ತೆರೆಯುವ ಪ್ರೋಗ್ರಾಂ ಒಮ್ಮೊಮ್ಮೆ ಎದುರಿಗೆ ಬಂದೇ ಬರುತ್ತದೆ. ಅದಕ್ಕೇ ಐದೂ ಪೂರ್ತಿ ತೆರೆಯುವವರೆಗೆ ಪಾಸ್‌ವರ್ಡ್‌ಗೆ ಕೈ ಹಾಕಬೇಡಿ. ಆ ಮೂಟೆಯ ಲೆಕ್ಕವನ್ನೂ ಇವತ್ತೇ ಖರೀದಿ ಚೀಟಿಯ ಜೊತೆ ತಾಳೆ ನೋಡಿ. ಸೆಲ್ ಮೇಲೆ ಟೈಪ್ ಮಾಡಿದರೆ ಹಳೇ ಅಂಕಿ ಅಳಿಸಿಹೋಗುತ್ತದೆ ಅಲ್ವಾ. ಆ ಫೈಲು ಬೇರೆಯವರಿಗೂ ಹೋಗುತ್ತಿದ್ದರೆ ಪಾಸ್‌ವರ್ಡ್ ಬದಲಿಸಿ.

ಅಷ್ಟೂ ಒತ್ತುವುದು ಬೇಡ ಎಂದರೆ ಬ್ಯಾಚ್ ಫೈಲು ಮಾಡಿ. ಅದು ಆಜ್ಞೆಗಳ ಪಟ್ಟಿ, ಡಬಲ್ ಕ್ಲಿಕ್ ಮಾಡಿದರೆ ಸಾಲು ಸಾಲಾಗಿ ಓಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ಪ್ರೋಗ್ರಾಂಗೆ ಒಂದು ಸಾಲು: ಸ್ಟಾರ್ಟ್ ಎಂಬ ಇಂಗ್ಲಿಷ್ ಪದ, ಸ್ಪೇಸ್, ಒಳಗೆ ಏನೂ ಇಲ್ಲದ ಜೋಡಿ ಕೋಟ್ ಗುರುತು, ಸ್ಪೇಸ್, ಕೋಟ್ ಗುರುತಿನೊಳಗೆ ಪ್ರೋಗ್ರಾಂನ ಪೂರ್ತಿ ವಿಳಾಸ. ವಿಳಾಸ ಕೈಯಾರೆ ಬರೆಯಬೇಡಿ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆಸ್ ಪಾತ್’ ಕೊಟ್ಟರೆ ಕೋಟ್ ಸಮೇತ ಬರುತ್ತದೆ. ಆ ಖಾಲಿ ಕೋಟ್ ಮರೆಯಬೇಡಿ. ಅದಿಲ್ಲದಿದ್ದರೆ ವಿಂಡೋಸ್ ವಿಳಾಸವನ್ನೇ ಕಿಟಕಿಯ ಹೆಸರು ಅಂದುಕೊಂಡು ಸುಮ್ನೆ ಕಪ್ಪು ಪರದೆ ತೆರೆಯುತ್ತದೆ. ಸ್ಟಾರ್ಟ್ ಪದ ಬಿಟ್ಟರೆ ಮೊದಲನೆಯದನ್ನು ಮುಚ್ಚುವವರೆಗೆ ಎರಡನೆಯದು ತೆರೆಯದೆ ಕಾಯಬಹುದು.

ಇಲ್ಲಿ ಎಕ್ಸೆಲ್ ಬದಲು ಸ್ಟಾಕಿನ ಫೈಲಿನ ವಿಳಾಸವನ್ನೇ ಕೊಡಿ, ಫೈಲು ನೇರ ತೆರೆಯುತ್ತದೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಕನ್ನಡದ ಹೆಸರು ಬ್ಯಾಚ್ ಫೈಲಿನಲ್ಲಿ ಎಷ್ಟೋ ಸಲ ಕೆಡುತ್ತದೆ. ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಇಂಗ್ಲಿಷ್‌ನಲ್ಲಿ ಬ್ಯಾಟ್ (bat) ಸೇರಿಸಿ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಐದೂ ಒಟ್ಟಿಗೆ ಓಡಿದಾಗ ಡಿಸ್ಕ್ ಅಲ್ಲಿ ಇಲ್ಲಿ ಓದುತ್ತಾ ಎಲ್ಲವೂ ನಿಧಾನವಾಗುತ್ತವೆ. ಸಾಲುಗಳ ನಡುವೆ ಟೈಮ್‌ಔಟ್ 10 ಎಂದು ಇಂಗ್ಲಿಷ್‌ನಲ್ಲಿ ಬರೆದರೆ 10 ಸೆಕೆಂಡ್ ಬಿಡುವು ಸಿಗುತ್ತದೆ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿದ್ದರೆ ಇಷ್ಟು ಬಿಡುವು ಬೇಡ.

ಆದರೆ ನಿಮ್ಮ ತೊಂದರೆಯ ಮೂಲ ಕರೆಂಟ್. ಯುಪಿಎಸ್ ಇರುವುದರಿಂದ ಶಟ್‌ಡೌನ್ ಬದಲು ಹೈಬರ್ನೇಟ್ ಮಾಡಿ ಎಂದೇ ನನ್ನ ಸಲಹೆ. ಮೆಮೊರಿಯಲ್ಲಿರುವುದೆಲ್ಲ ಡಿಸ್ಕ್‌ಗೆ ಬರೆದು ಯಂತ್ರ ಪೂರ್ತಿ ಆಫ್ ಆಗುತ್ತದೆ. ಆನ್ ಮಾಡಿದರೆ ಕಿಟಕಿಗಳು ಇದ್ದಲ್ಲೇ ಇರುತ್ತವೆ. ಸ್ಲೀಪ್ ಅಂದರೆ ಬೇರೆ, ಅದಕ್ಕೆ ಕರೆಂಟ್ ಬೇಕೇ ಬೇಕು. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಒತ್ತಿದರೆ ಹೈಬರ್ನೇಟ್ ಆಗುವಂತೆ ಇಟ್ಟುಕೊಳ್ಳಿ. ಯುಪಿಎಸ್ ಕೂಗಿದಾಗ ಟ್ಯಾಲಿಯಲ್ಲಿ ಅರ್ಧ ಹಾಕಿದ ವೋಚರನ್ನು ಮುಗಿಸಿ ಕಂಟ್ರೋಲ್-ಎ ಒತ್ತಿ ಉಳಿಸಿ, ಎಕ್ಸೆಲ್ ಸೇವ್ ಮಾಡಿ, ಆಮೇಲೆ ಬಟನ್ ಒಂದೇ ಸಲ ಒತ್ತಿ. ಒತ್ತಿ ಹಿಡಿಯಬೇಡಿ, ಹಿಡಿದರೆ ನೇರ ಆಫ್ ಆಗುತ್ತದೆ. ಟ್ಯಾಲಿ ಡೇಟಾ ಬೇರೆ ಕಂಪ್ಯೂಟರ್‌ನಲ್ಲಿದ್ದರೆ ಟ್ಯಾಲಿಯನ್ನು ಮಾತ್ರ ಮುಚ್ಚಿ ಹೈಬರ್ನೇಟ್ ಮಾಡಿ. ಆ ಯಂತ್ರ ಆಫ್ ಆದರೆ ನಿಮ್ಮ ಟ್ಯಾಲಿಗೆ ಸಂಪರ್ಕ ತಪ್ಪುತ್ತದೆ.